ಹೊಸ ಫ್ಲ್ಯಾಟಿನಲ್ಲಿ ಕಾರಿನ ಜಾಗ: ಮುಂಗಡ ಕೊಡುವ ಮುನ್ನ ನಕ್ಷೆಯನ್ನು ಓದುವ ಬಗೆ

ನಮ್ಮ ಪರಿಚಯದ ಕುಟುಂಬವೊಂದು ಎರಡು ವರ್ಷಗಳ ಹಿಂದೆ ಹಳ್ಳಿಯ ಹೆಂಚಿನ ಮನೆಯನ್ನು ತೊರೆದು, ಕಾಸರಗೋಡು ಜಿಲ್ಲೆಯ ಪಟ್ಟಣವೊಂದರಲ್ಲಿ ಆಗಷ್ಟೇ ಕಟ್ಟಿ ಮುಗಿದಿದ್ದ ವಸತಿ ಸಮುಚ್ಚಯಕ್ಕೆ ಬಂದು ನೆಲೆಸಿತು. 24 ಮನೆಗಳ ಕಟ್ಟಡ. ಎರಡನೆಯ ತರಗತಿಯ ಮಗಳು ಓದುವುದು ಐದು ಕಿಲೋಮೀಟರ್ ದೂರದ ಕನ್ನಡ ಮಾಧ್ಯಮ ಶಾಲೆಯಲ್ಲಿ. ಮೊದಲ ಕೆಲವು ತಿಂಗಳು ಶಾಲೆಯ ವ್ಯಾನು ಕಟ್ಟಡದ ಅಂಗಳಕ್ಕೇ ಬಂದು ಮಗುವನ್ನು ಹತ್ತಿಸಿಕೊಳ್ಳುತ್ತಿತ್ತು. ಮನೆಗಳು ತುಂಬುತ್ತ ಬಂದಂತೆ ಅಂಗಳವೂ ಕಾರುಗಳಿಂದ ತುಂಬಿತು. ಅಂಗಳ ಸಾಲದೆ ಕಾರುಗಳು ಎದುರಿನ ಓಣಿಗೆ ಇಳಿದವು. ಒಂದು ಸಂಜೆ ವ್ಯಾನಿನ ಚಾಲಕರು ಮಗುವಿನ ತಾಯಿಯೊಡನೆ, “ಅಕ್ಕಾ, ನಾಳೆಯಿಂದ ಮಗುವನ್ನು ಮೇನ್ ರೋಡಿಗೇ ಕರಕೊಂಡು ಬನ್ನಿ. ಒಳಗೆ ಗಾಡಿ ತಿರುಗಿಸಲಿಕ್ಕೆ ಆಗುವುದಿಲ್ಲ” ಎಂದರು.

ಇದನ್ನು ಸಣ್ಣ ಅನನುಕೂಲವೆಂದು ತಳ್ಳಿಹಾಕಬಹುದು. ಆದರೆ ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಸ್ಥಿತಿಯನ್ನು ಬಲ್ಲವರಿಗೆ ಇದರ ಭಾರ ತಿಳಿಯುತ್ತದೆ. ನಮ್ಮ ಶಾಲೆಗಳು ಪ್ರತಿ ಬೀದಿಯಲ್ಲಿಲ್ಲ; ಮಕ್ಕಳು ದೂರದೂರದಿಂದ ಬರುತ್ತಾರೆ, ಹಾಗಾಗಿ ವ್ಯಾನು ಮನೆಬಾಗಿಲಿಗೆ ಬರುತ್ತದೆಯೋ ಇಲ್ಲವೋ ಎಂಬುದೇ ಎಷ್ಟೋ ಮನೆಗಳಲ್ಲಿ ಶಾಲೆಯ ಆಯ್ಕೆಯನ್ನು ನಿರ್ಧರಿಸುತ್ತದೆ. ಅದೇ ಕಟ್ಟಡದ ಇನ್ನೊಂದು ಕನ್ನಡ ಕುಟುಂಬ, ಮಳೆಗಾಲದಲ್ಲಿ ಚಿಕ್ಕ ಮಗುವನ್ನು ಕಾರುಗಳ ನಡುವೆ ನಡೆಸಿಕೊಂಡು ಹೆದ್ದಾರಿಯ ಬದಿಗೆ ಒಯ್ಯುವುದಕ್ಕೆ ಅಂಜಿ, ನಡೆದುಹೋಗುವಷ್ಟು ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿತು. ಅವರನ್ನು ದೂರುವಂತಿಲ್ಲ. ಆದರೆ ಆ ಅಂಗಳ ಏಕೆ ಸಾಲದಾಯಿತು ಎಂಬುದನ್ನು ವಿಚಾರಿಸಬಹುದು, ವಿಚಾರಿಸಬೇಕು. ಅದಕ್ಕೆ ಉತ್ತರ ಕಟ್ಟಡ ಏಳುವುದಕ್ಕೆ ಮೊದಲೇ ಮಂಜೂರಾದ ನಕ್ಷೆಯಲ್ಲಿರುತ್ತದೆ. ಅದನ್ನು ಕೊಳ್ಳುವವರು ನೋಡುವುದಿಲ್ಲ, ಮಾರುವವರು ತಾವಾಗಿ ತೋರಿಸುವುದಿಲ್ಲ.

ಮೊದಲು ಕಾರುಗಳ ವಿಚಾರ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಯಲ್ಲಿ ಯಾವ ಯಾವ ವಾಹನವಿದೆ ಎಂಬುದನ್ನೂ ಕೇಳಿತ್ತು. ಇಡೀ ದೇಶದಲ್ಲಿ ಕಾರಿರುವ ಕುಟುಂಬಗಳು ನೂರಕ್ಕೆ ಸುಮಾರು 7.5. ಕೇರಳದಲ್ಲಿ ಅದು ಸುಮಾರು 24, ಗೋವೆಯಲ್ಲಿ 45. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ 9ರ ಆಸುಪಾಸು, ತಮಿಳುನಾಡಿನಲ್ಲಿ ಇನ್ನೂ ಕಡಿಮೆ. ಗೋವೆ ಮತ್ತು ಕೇರಳಗಳೆರಡೂ ನಮ್ಮ ಓದುಗರು ನೆಲೆಸಿರುವ ನಾಡುಗಳೇ. ಇವು ಹಳ್ಳಿ ಪಟ್ಟಣಗಳನ್ನೆಲ್ಲ ಕೂಡಿಸಿದ ಸರಾಸರಿಗಳು. ಹೊಸ ಫ್ಲ್ಯಾಟನ್ನು ಸಾಲ ಮಾಡಿ ಕೊಳ್ಳಬಲ್ಲ ಕುಟುಂಬಗಳನ್ನಷ್ಟೇ ಎಣಿಸಿದರೆ ಪ್ರಮಾಣ ಇದಕ್ಕಿಂತ ಎಷ್ಟೋ ಮೇಲೆ ಹೋಗುವುದು ಸಹಜ. ಕೊಲ್ಲಿ ನಾಡಿನಲ್ಲಿ ದುಡಿಯುವವರ ಮನೆಗಳಲ್ಲಿ ರಜೆಯ ತಿಂಗಳು ಬಂತೆಂದರೆ ಒಂದು ಕಾರು ಎರಡಾಗುವುದನ್ನು ಉಪ್ಪಳ, ಕುಂಬಳೆಯ ಕಡೆಯವರು ಕಂಡೇ ಇದ್ದಾರೆ.

ಇನ್ನು ಜಾಗದ ವಿಚಾರ. ನಕ್ಷೆಗಳಲ್ಲಿ ಒಂದು ಕಾರಿಗೆ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದದ ಚೌಕವನ್ನು ಗುರುತಿಸುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ಅಳತೆ ತುಸು ಹೆಚ್ಚುಕಡಿಮೆ. ಆ ಲೆಕ್ಕಕ್ಕೆ 12.5 ಚದರ ಮೀಟರ್. ಆದರೆ ಕಾರು ಆಕಾಶದಿಂದ ಇಳಿದು ಚೌಕದೊಳಗೆ ಕೂರುವುದಿಲ್ಲ. ಅದು ಒಳಬರಲು, ತಿರುಗಲು, ಹಿಂದೆ ಸರಿಯಲು ದಾರಿ ಬೇಕು. ಆ ದಾರಿಯ ಪಾಲನ್ನೂ ಸೇರಿಸಿ ನಗರಯೋಜಕರು ಒಂದು ಕಾರಿಗೆ ಬಯಲಿನಲ್ಲಿ 23, ಕಟ್ಟಡದ ಕೆಳಗೆ ಕಂಬಗಳ ನಡುವೆ 28, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಎಂದು ಲೆಕ್ಕ ಹಿಡಿಯುವ ರೂಢಿಯಿದೆ. ಎರಡು ಕಾರುಗಳನ್ನು ಕಂಬಗಳ ನಡುವೆ ನಿಲ್ಲಿಸುವ ಜಾಗ 56 ಚದರ ಮೀಟರ್ ಆಯಿತು, ಅಂದರೆ ಹೆಚ್ಚುಕಡಿಮೆ ಎರಡು ಕೋಣೆಗಳ ಒಂದು ಪುಟ್ಟ ಮನೆಯಷ್ಟು. ಮನೆಯನ್ನು ಮಾರಿದರೆ ಬರುವ ಹಣ ಕಾರಿನ ಜಾಗದಿಂದ ಬರುವುದಿಲ್ಲ. ಕಟ್ಟುವವರ ಕೈ ಎಲ್ಲಿ ಬಿಗಿಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹಾಗಾದರೆ ಕಾನೂನು ಏನು ಮಾಡುತ್ತದೆ? ಇಂತಿಷ್ಟು ಮನೆಗೆ ಇಂತಿಷ್ಟು ಕಾರಿನ ಜಾಗ ಬಿಡಲೇಬೇಕೆಂದು ಪ್ರತಿ ರಾಜ್ಯದ ಕಟ್ಟಡ ನಿಯಮಗಳು ವಿಧಿಸುತ್ತವೆ. ಕೇರಳದಲ್ಲಿ ನಗರಸಭೆಗಳಿಗೊಂದು, ಪಂಚಾಯತ್‌ಗಳಿಗೊಂದು ಎಂದು 2019ರ ಎರಡು ನಿಯಮಾವಳಿಗಳಿವೆ. ಕಾಸರಗೋಡು ನಗರಕ್ಕೆ ಮೊದಲನೆಯದು, ಮಂಜೇಶ್ವರ, ಕುಂಬಳೆಗಳಂಥ ಊರುಗಳಿಗೆ ಎರಡನೆಯದು. ತಮಿಳುನಾಡಿನಲ್ಲಿ ಇಡೀ ರಾಜ್ಯಕ್ಕೆ ಅನ್ವಯವಾಗುವ ಸಂಯುಕ್ತ ನಿಯಮಾವಳಿ 2019ರಲ್ಲಿ ಬಂತು. ಮಹಾರಾಷ್ಟ್ರದಲ್ಲಿ ಅಂಥದೇ ಏಕೀಕೃತ ನಿಯಮಾವಳಿ 2020ರ ಡಿಸೆಂಬರಿನದು. ಆಂಧ್ರ, ತೆಲಂಗಾಣಗಳಲ್ಲಿ ಲೆಕ್ಕದ ರೀತಿಯೇ ಬೇರೆ: ಅಲ್ಲಿ ಮನೆಗಳನ್ನು ಎಣಿಸುವುದಿಲ್ಲ, ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ ಇಂತಿಷ್ಟನ್ನು ವಾಹನಗಳಿಗೆ ಬಿಡಬೇಕೆಂದು ಹೇಳುತ್ತಾರೆ. ಎಲ್ಲೆಡೆಯೂ ನಿಯಮಗಳಿಗೆ ಆಗಾಗ ತಿದ್ದುಪಡಿ ಬರುತ್ತದೆ. ನಿಮ್ಮ ಕಟ್ಟಡಕ್ಕೆ ಯಾವ ವರ್ಷ ಪರವಾನಗಿ ಸಿಕ್ಕಿತು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಆ ಕಾರಣಕ್ಕೆ.

ಕೇರಳದ ಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಂತ್ರ ಎಲ್ಲಿ ಅಡಗಿದೆಯೆಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮನೆಯ ಕಾರ್ಪೆಟ್ ಏರಿಯಾ, ಎಂದರೆ ಗೋಡೆಗಳ ಒಳಗೆ ನಾವು ನಿಜವಾಗಿ ಬಳಸುವ ನೆಲ, 60 ಚದರ ಮೀಟರ್ ಮೀರದಿದ್ದರೆ ಮೂರು ಮನೆಗಳಿಗೆ ಒಂದು ಕಾರಿನ ಜಾಗ ಸಾಕು. 60 ಮೀರಿ 150ರೊಳಗಿದ್ದರೆ ಮನೆಗೊಂದು. 250ರವರೆಗೆ ಮನೆಗೆ ಒಂದೂವರೆ, ಅದಕ್ಕೂ ಮೀರಿದರೆ ಎರಡು. ಇದರ ಮೇಲೆ ಶೇಕಡಾ 15ರಷ್ಟು ಜಾಗವನ್ನು ಅತಿಥಿಗಳ ವಾಹನಗಳಿಗೆಂದು ಬೇರೆಯಾಗಿ ಗುರುತಿಸಬೇಕು. 60 ಚದರ ಮೀಟರ್ ಎಂದರೆ ಸುಮಾರು 645 ಚದರಡಿ. ಈಗ ನಮ್ಮ ಪರಿಚಯದವರ 24 ಮನೆಗಳ ಕಟ್ಟಡಕ್ಕೆ ಬನ್ನಿ. ಪ್ರತಿ ಮನೆಯೂ 62 ಚದರ ಮೀಟರ್ ಆಗಿದ್ದರೆ 24 ಕಾರುಗಳಿಗೆ ಜಾಗ ಬಿಡಬೇಕಿತ್ತು. ಮನೆಗಳ ಅಳತೆ 58. ಹಾಗಾಗಿ ಎಂಟೇ ಸಾಕಾಯಿತು. ಮಲಗುವ ಕೋಣೆಯ ಗೋಡೆಯನ್ನು ಒಂದೊಂದು ಗೇಣು ಒಳಗೆ ಸರಿಸಿದ ಮಾತ್ರಕ್ಕೆ ಹದಿನಾರು ಕಾರುಗಳು ಕಾಗದದಿಂದ ಮಾಯವಾದವು. ರಸ್ತೆಯಿಂದ ಮಾಯವಾಗಲಿಲ್ಲ.

ಇದರಲ್ಲಿ ನಿಯಮಭಂಗವಿಲ್ಲ ಎಂಬುದನ್ನು ಗಮನಿಸಬೇಕು. ಚಿಕ್ಕ ಮನೆಯವರು ಬಡವರು, ಬಡವರಿಗೆ ಕಾರಿಲ್ಲ ಎಂಬ ಊಹೆಯ ಮೇಲೆ ಪಟ್ಟಿ ನಿಂತಿದೆ. ಬೆಲೆ ಏರಿ ಮಧ್ಯಮ ವರ್ಗವೇ ಚಿಕ್ಕ ಮನೆಗಿಳಿದಿರುವ ಕಾಲದಲ್ಲಿ ಆ ಊಹೆ ಹಳತಾಗಿದೆ.

ನಿಯಮಭಂಗ ನಡೆಯುವುದು ಮುಂದಿನ ಹಂತದಲ್ಲಿ, ನಕ್ಷೆ ನೆಲಕ್ಕಿಳಿಯುವಾಗ. ನಕ್ಷೆಯಲ್ಲಿ ಕಾರಿಗೆಂದು ಬರೆದ ಚೌಕದಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಜನರೇಟರ್ ಕೂತಿರುತ್ತದೆ. ಇನ್ನೊಂದರಲ್ಲಿ ಬೋರ್‌ವೆಲ್ಲಿನ ಬಾಯಿ, ಮತ್ತೊಂದರಲ್ಲಿ ಕಾವಲುಗಾರನ ಕೋಣೆ, ಅಥವಾ ನೀರಿನ ಟ್ಯಾಂಕಿನ ಮುಚ್ಚಳ. ರಸ್ತೆಯ ಕಡೆಗಿರುವ ಚೌಕಗಳಿಗೆ ಶಟರ್ ಬಿದ್ದು ಬೇಕರಿಯೋ ಮೊಬೈಲ್ ಅಂಗಡಿಯೋ ತೆರೆದುಕೊಳ್ಳುತ್ತದೆ. ಕೆಲವೆಡೆ ಎರಡು ಚೌಕಗಳನ್ನು ಒಂದರ ಹಿಂದೊಂದು ಬರೆದಿರುತ್ತಾರೆ: ಹಿಂದಿನ ಕಾರು ಹೊರಡಬೇಕಾದರೆ ಮುಂದಿನ ಕಾರಿನವರನ್ನು ಎಬ್ಬಿಸಬೇಕು. ಒಂದೇ ಮನೆಯ ಎರಡು ಕಾರುಗಳಿಗಾದರೆ ಅದು ಸರಿಯೇ. ಎರಡು ಮನೆಗಳಿಗಾದರೆ ಬೆಳಗಿನ ಜಗಳ ಖಾತ್ರಿ. ಕಂಬದ ಮೂಲೆ ಚೌಕದೊಳಗೆ ಒಂದಡಿ ಚಾಚಿಕೊಂಡಿದ್ದರೆ ಕಾಗದದ ಮೇಲಿನ ಜಾಗ ಬಾಗಿಲು ತೆರೆಯಲಾಗದ ಜಾಗವಾಗುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. “ಪಾರ್ಕಿಂಗಿಗೆ ಬೇರೆ ಎರಡು ಲಕ್ಷ” ಎಂದು ಬಿಲ್ಡರ್ ಕೇಳಿದಾಗ ಆ ಹಣ ಯಾವುದಕ್ಕೆ? ನಮ್ಮ ಪರಿಚಯದವರೂ ಹೀಗೆ ಎರಡೂವರೆ ಲಕ್ಷ ರೂಪಾಯಿ ಕೊಟ್ಟು, ಕಾಂಪೌಂಡ್ ಗೋಡೆಯ ಪಕ್ಕದ ತೆರೆದ ಜಾಗಕ್ಕೆ ರಸೀದಿ ಪಡೆದಿದ್ದರು. ರಸೀದಿಯಲ್ಲಿ ಜಾಗದ ಸಂಖ್ಯೆಯಿತ್ತು, ಅಳತೆಯಿರಲಿಲ್ಲ. ನೋಂದಣಿಯಾದ ಆಧಾರದಲ್ಲಿ ಅದರ ಉಲ್ಲೇಖವೇ ಇರಲಿಲ್ಲ.

ರೇರಾ ಎಂದು ಎಲ್ಲರೂ ಕರೆಯುವ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ ಇಡೀ ದೇಶಕ್ಕೆ ಅನ್ವಯವಾಗುತ್ತದೆ. ಅದರ ಎರಡನೆಯ ಕಲಮು ಸಾಮಾನ್ಯ ಪ್ರದೇಶ ಎಂದರೇನೆಂದು ಹೇಳುವಾಗ ಮೆಟ್ಟಿಲು, ಲಿಫ್ಟು, ತಾರಸಿ, ಆಟದ ಬಯಲುಗಳ ಜೊತೆಗೆ ತೆರೆದ ಪಾರ್ಕಿಂಗ್ ಸ್ಥಳವನ್ನೂ ಹೆಸರಿಸುತ್ತದೆ. ಸಾಮಾನ್ಯ ಪ್ರದೇಶವೆಂದರೆ ಎಲ್ಲ ಮನೆಗಳ ಒಡೆಯರಿಗೂ ಸೇರಿದ್ದು. ಮನೆಯ ಬೆಲೆಯಲ್ಲಿ ಅದರ ಪಾಲು ಈಗಾಗಲೇ ಸೇರಿದೆ. ಮೆಟ್ಟಿಲನ್ನು ಒಬ್ಬರಿಗೆ ಮಾರಲಾಗದಂತೆ ತೆರೆದ ಅಂಗಳದ ಕಾರಿನ ಜಾಗವನ್ನೂ ಒಬ್ಬರಿಗೆ ಮಾರಲಾಗದು. ಅದೇ ಕಾಯಿದೆ ಗ್ಯಾರೇಜನ್ನು ಬೇರೆಯಾಗಿ ವ್ಯಾಖ್ಯಾನಿಸುತ್ತದೆ: ಮೇಲೆ ಮಾಡು, ಮೂರು ಕಡೆ ಗೋಡೆ ಇರಬೇಕು. ಅಂಥದ್ದನ್ನು ಮಾರಬಹುದು, ಆದರೆ ಎಷ್ಟು ಗ್ಯಾರೇಜುಗಳು ಮಾರಾಟಕ್ಕಿವೆ, ಅವುಗಳ ವಿಸ್ತೀರ್ಣ ಎಷ್ಟು ಎಂಬುದನ್ನು ಯೋಜನೆಯನ್ನು ನೋಂದಾಯಿಸುವಾಗಲೇ ಪ್ರಾಧಿಕಾರಕ್ಕೆ ತಿಳಿಸಿರಬೇಕು.

ಇವೆರಡರ ನಡುವಿನದೇ ಹೆಚ್ಚು ತಕರಾರಿನದು: ಕಟ್ಟಡದ ಕೆಳಗೆ, ಗೋಡೆಗಳಿಲ್ಲದೆ ಕಂಬಗಳ ಮೇಲಷ್ಟೇ ನಿಂತ ನೆಲಅಂತಸ್ತು. ಸ್ಟಿಲ್ಟ್ ಎಂದು ಕರೆಯುವುದು ಇದನ್ನೇ. ಇದರ ಕುರಿತು ಸುಪ್ರೀಂ ಕೋರ್ಟು 2010ರ ಆಗಸ್ಟ್ 31ರಂದು ನೀಡಿದ ತೀರ್ಪೊಂದು ಪ್ರಸಿದ್ಧವಾಗಿದೆ. ಮುಂಬಯಿಯ ದಹಿಸರದಲ್ಲಿ ಪಾಂಚಾಲಿ ಎಂಬ ಹೆಸರಿನ ಗೃಹ ಸಹಕಾರ ಸಂಘಕ್ಕೆ ಸೇರಿದ ಕಟ್ಟಡಗಳಲ್ಲಿ 56 ಮನೆಗಳಿದ್ದವು, ಕೆಳಗಿನ ಸ್ಟಿಲ್ಟಿನಲ್ಲಿ 25 ಕಾರುಗಳ ಜಾಗವಿತ್ತು. ಆ 25 ಜಾಗಗಳು ತನಗೆ ಸೇರಿದ್ದು, ತನಗೆ ಬೇಕಾದವರಿಗೆ ಮಾರುವ ಹಕ್ಕು ತನಗಿದೆ ಎಂದು ಕಟ್ಟಿಸಿದ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಮೂರ್ತಿಗಳಾದ ಆರ್. ಎಂ. ಲೋಧಾ ಮತ್ತು ಎ. ಕೆ. ಪಟ್ನಾಯಕ್ ಅವರ ಪೀಠ ಒಪ್ಪಲಿಲ್ಲ. ಮಹಾರಾಷ್ಟ್ರದ 1963ರ ಫ್ಲ್ಯಾಟ್ ಒಡೆತನ ಕಾಯಿದೆಯ ಪ್ರಕಾರ ಸ್ಟಿಲ್ಟಿನ ಜಾಗ ಫ್ಲ್ಯಾಟೂ ಅಲ್ಲ, ಗ್ಯಾರೇಜೂ ಅಲ್ಲ; ಅದು ಸಾಮಾನ್ಯ ಪ್ರದೇಶದ ಭಾಗ; ಅದನ್ನು ಬಿಡಿಯಾಗಿ ಮಾರುವ ಹಕ್ಕು ಕಟ್ಟಿದವರಿಗಿಲ್ಲ ಎಂದಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಓದುಗರಿಗೆ ಇದು ನೇರವಾಗಿ ಸಂಬಂಧಿಸಿದ ತೀರ್ಪು. ಅನ್ಯ ರಾಜ್ಯಗಳಲ್ಲಿ ಕಾಯಿದೆಯ ಮಾತುಗಳು ಬೇರೆಯಾದ್ದರಿಂದ ಹಾಗೆಯೇ ಎತ್ತಿ ಅಂಟಿಸಲಾಗದು. ಆದರೂ ವಾದಿಸುವಾಗ ಎಲ್ಲರೂ ಮುಂದಿಡುವುದು ಇದನ್ನೇ.

ಮಹಾರಾಷ್ಟ್ರದ ರೇರಾ ಪ್ರಾಧಿಕಾರ ಈ ವಿಷಯದಲ್ಲಿ ಇನ್ನೂ ಮುಂದೆ ಹೋಗಿದೆ. ತೆರೆದ ಜಾಗವನ್ನು ಹಣಕ್ಕೆ ಮಾರುವುದಷ್ಟೇ ಅಲ್ಲ, ಹಣ ಪಡೆದು ಹಂಚುವುದೂ ಸಲ್ಲದು ಎಂದು 2021ರ ಜುಲೈಯಲ್ಲಿ ಸುತ್ತೋಲೆ ಹೊರಡಿಸಿತು. ಮುಚ್ಚಿದ ಜಾಗವನ್ನು ಕೊಡುವುದಾದರೆ ಅದರ ಸಂಖ್ಯೆ, ಉದ್ದ, ಅಗಲ, ಎತ್ತರ, ಕಟ್ಟಡದಲ್ಲಿ ಅದು ಇರುವ ಸ್ಥಳ ಇವೆಲ್ಲವನ್ನೂ ಕರಾರಿಗೆ ಲಗತ್ತಿಸಬೇಕೆಂದು 2024ರಲ್ಲಿ ಕಡ್ಡಾಯಗೊಳಿಸಿತು. ಕಂಬದ ಮೂಲೆ ಚಾಚಿದ ಜಾಗಗಳ ದೂರುಗಳು ಅಷ್ಟಿದ್ದವು. ಕೇರಳದಲ್ಲಿ 1983ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ, ಘೋಷಣಾಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ ಪಾರ್ಕಿಂಗ್ ಸ್ಥಳವನ್ನು ಸಾಮಾನ್ಯ ಸೌಕರ್ಯಗಳಲ್ಲೇ ಸೇರಿಸುತ್ತದೆ. “ಹೇಳದಿದ್ದರೆ” ಎಂಬ ಆ ಒಂದು ಮಾತಿಗಾಗಿ ಘೋಷಣಾಪತ್ರವನ್ನು ಓದಿಸಿಕೊಳ್ಳಬೇಕು. ತಮಿಳುನಾಡಿನಲ್ಲಿ 1994ರ ಹಳೆಯ ಕಾಯಿದೆಯ ಬದಲಿಗೆ 2022ರ ಹೊಸ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ 2024ರ ಮಾರ್ಚಿನಿಂದ ಜಾರಿಯಲ್ಲಿದೆ.

ರೇರಾದ ಆಸರೆ ಎಲ್ಲ ಕಟ್ಟಡಗಳಿಗೂ ಒಂದೇ ಬಗೆಯಲ್ಲಿ ದೊರೆಯುವುದಿಲ್ಲ. ಜಮೀನು 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಯೋಜನೆಯನ್ನು ನೋಂದಾಯಿಸುವ ಅಗತ್ಯವಿಲ್ಲ. ನಮ್ಮ ಚಿಕ್ಕ ಪಟ್ಟಣಗಳಲ್ಲಿ ಏಳುವ ಕಟ್ಟಡಗಳಲ್ಲಿ ಅನೇಕವು ಆರು ಮನೆಯವು, ಎಂಟು ಮನೆಯವು. ಅಲ್ಲಿ ಪ್ರಾಧಿಕಾರದ ಜಾಲತಾಣದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಉಳಿಯುವುದು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿರುವ ಮಂಜೂರಾದ ನಕ್ಷೆಯೊಂದೇ.

ಹೊಸೂರಿನ ಕಡೆಯ ಓದುಗರ ಸಮಸ್ಯೆ ಇನ್ನೊಂದು ರೂಪದ್ದು. ಬೆಂಗಳೂರಿಗೆ ಅಂಟಿಕೊಂಡಂತಿರುವ ಆ ಕೈಗಾರಿಕಾ ನಗರ 2019ರಲ್ಲಿ ಮಹಾನಗರಪಾಲಿಕೆಯಾಯಿತು. ಅಲ್ಲಿ ಫ್ಲ್ಯಾಟುಗಳಷ್ಟೇ ಬಡಾವಣೆಗಳೂ ಏಳುತ್ತಿವೆ: ನಿವೇಶನ ಕೊಂಡು, ಕೆಳಗೆ ಎರಡು ಮೇಲೆ ಎರಡು ಮನೆ ಕಟ್ಟಿ, ಮೂರನ್ನು ಬಾಡಿಗೆಗೆ ಕೊಡುವ ಪದ್ಧತಿ. ನಿವೇಶನದೊಳಗೆ ಒಂದೇ ಕಾರಿಗೆ ಜಾಗ, ಉಳಿದವು ರಸ್ತೆಗೆ. ಬಡಾವಣೆಗೆ ಮಂಜೂರಾತಿ ಸಿಗುವಾಗ ಅದರ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡುವುದರಿಂದ ಅವು ಸಾರ್ವಜನಿಕ ರಸ್ತೆಗಳು. ನಮ್ಮ ಗೇಟಿನ ಎದುರಿನ ಜಾಗ ನಮ್ಮದೆಂಬ ಭಾವನೆ ಎಷ್ಟೇ ಸಹಜವಾದರೂ ಅದಕ್ಕೆ ಕಾನೂನಿನ ಬಲವಿಲ್ಲ; ಹೂಕುಂಡ ಇಟ್ಟು ಕಾಯ್ದಿರಿಸುವುದಕ್ಕಂತೂ ಇಲ್ಲವೇ ಇಲ್ಲ. ಐದು ಮೀಟರ್ ಅಗಲದ ರಸ್ತೆಯ ಎರಡೂ ಬದಿಗೆ 1.7 ಮೀಟರ್ ಅಗಲದ ಕಾರುಗಳು ನಿಂತರೆ ನಡುವೆ ಉಳಿಯುವುದು 1.6 ಮೀಟರ್. ಶಾಲೆಯ ವ್ಯಾನಿನ ಅಗಲ ಎರಡು ಮೀಟರಿನ ಹತ್ತಿರ. ಆಂಬುಲೆನ್ಸಿನದೂ ಅಷ್ಟೇ. ಸಂಚಾರಕ್ಕೆ ಅಡ್ಡಿಯಾಗುವಂತೆ ವಾಹನ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ನಿಷೇಧಿಸುತ್ತದೆ, 127ನೆಯದು ಅಂಥ ವಾಹನವನ್ನು ತೆರವುಗೊಳಿಸಲು ಅಧಿಕಾರ ಕೊಡುತ್ತದೆ. ಆದರೆ ನೆರೆಮನೆಯವರ ಕಾರಿನ ಮೇಲೆ ಪೊಲೀಸರಿಗೆ ಕರೆ ಮಾಡುವವರು ಯಾರು?

ಆದ್ದರಿಂದ ಕೊಳ್ಳುವ ಮುನ್ನವೇ ಕೇಳುವುದು ಸುಲಭ. ಮನೆಯ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚಿನ ಹಣವನ್ನು ನೋಂದಾಯಿತ ಕರಾರು ಇಲ್ಲದೆ ಪಡೆಯುವಂತಿಲ್ಲವೆಂದು ರೇರಾದ 13ನೆಯ ಕಲಮು ಹೇಳುತ್ತದೆ. ಮಂಜೂರಾದ ನಕ್ಷೆಯನ್ನು ನೋಡುವುದು 19ನೆಯ ಕಲಮು ನಿಮಗಿತ್ತ ಹಕ್ಕು. ಬಿಲ್ಡರಿನ ಕಚೇರಿಯ ಗೋಡೆಯಲ್ಲಿ ತೂಗುವ ಬಣ್ಣದ ಚಿತ್ರವಲ್ಲ, ಸ್ಥಳೀಯ ಸಂಸ್ಥೆಯ ಮೊಹರು ಬಿದ್ದ ನಕ್ಷೆ. ಬಣ್ಣದ ಚಿತ್ರದಲ್ಲಿ ಕಾರುಗಳು ಯಾವಾಗಲೂ ಚಿಕ್ಕವು, ಮರಗಳು ಯಾವಾಗಲೂ ದೊಡ್ಡವು.

ನಕ್ಷೆ ಓದುವುದು ಎಂಜಿನಿಯರರಿಗಷ್ಟೇ ಸಾಧ್ಯವೆಂದು ಹಿಂಜರಿಯಬೇಕಾಗಿಲ್ಲ. ಹೈಸ್ಕೂಲಿನ ಮಕ್ಕಳು ಭೂಗೋಳದಲ್ಲಿ ಪ್ರಮಾಣದ ಲೆಕ್ಕ ಕಲಿತಿರುತ್ತಾರೆ. ಅವರನ್ನೇ ಜೊತೆಗೆ ಕೂರಿಸಿಕೊಳ್ಳಿ. 1:100ರ ನಕ್ಷೆಯಲ್ಲಿ ಒಂದು ಮೀಟರು ಒಂದು ಸೆಂಟಿಮೀಟರ್ ಆಗಿರುತ್ತದೆ. ಹಾಗಾದರೆ ಕಾರಿನ ಜಾಗ ಎರಡೂವರೆ ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಉದ್ದ. ಬೆಂಕಿಪೊಟ್ಟಣಕ್ಕಿಂತ ತುಸು ಕಿರಿದು. ರಟ್ಟಿನಲ್ಲಿ ಆ ಅಳತೆಯ ತುಂಡೊಂದನ್ನು ಕತ್ತರಿಸಿ ನಕ್ಷೆಯ ಮೇಲೆ ಇಡುತ್ತ ಹೋಗಬಹುದು. ಚೌಕಗಳನ್ನು ಎಣಿಸಿ, ಮನೆಗಳನ್ನು ಎಣಿಸಿ, ಅತಿಥಿಗಳ ಜಾಗ ಬೇರೆ ಇದೆಯೇ, ದ್ವಿಚಕ್ರ ವಾಹನಗಳಿಗೆ ಗೆರೆ ಹಾಕಿದ್ದಾರೆಯೇ ನೋಡಿ. ಗೇಟಿನಿಂದ ಪ್ರತಿ ಚೌಕಕ್ಕೂ ಬೆರಳಿನಲ್ಲಿ ದಾರಿ ಎಳೆಯಿರಿ. ಇನ್ನೊಂದು ಚೌಕದ ಮೇಲೆ ಹಾಯದೆ ತಲುಪಲಾಗದ ಚೌಕವನ್ನು ಲೆಕ್ಕದಿಂದ ಬಿಡಿ. ಜೆರಾಕ್ಸ್ ಮಾಡುವಾಗ ನಕ್ಷೆ ಕುಗ್ಗಿರಬಹುದು, ಆದ್ದರಿಂದ ಮೊದಲು ಅದರಲ್ಲಿ ಅಳತೆ ಬರೆದಿರುವ ಒಂದು ಗೋಡೆಯನ್ನು ಅಳೆದು ಪ್ರಮಾಣ ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಆಮೇಲೆ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಕಟ್ಟಡದ ಕೆಳಗೆ ಒಂದು ಸುತ್ತು ನಡೆಯಿರಿ. ಅರ್ಧ ಗಂಟೆಯ ಕೆಲಸ.

ಭಾಷೆಯ ತೊಡಕಿರುವುದು ನಕ್ಷೆಯಲ್ಲಲ್ಲ, ಪತ್ರದಲ್ಲಿ. ಕಾಸರಗೋಡಿನಲ್ಲಿ ಆಧಾರ ಎಂದೂ ಹೊಸೂರು, ತಾಳವಾಡಿಗಳಲ್ಲಿ ಪತ್ತಿರಂ ಎಂದೂ ಸೊಲ್ಲಾಪುರದಲ್ಲಿ ಖರೇದಿಖತ ಎಂದೂ ಕರೆಯುವ ಆ ಕಾಗದ ನಮ್ಮದಲ್ಲದ ಭಾಷೆಯಲ್ಲೇ ಸಾಮಾನ್ಯವಾಗಿ ಬರುತ್ತದೆ. ಕನ್ನಡದಲ್ಲೇ ಓದಿ ಬೆಳೆದ ತಾಯ್ತಂದೆಯರು ಬರೆಯುವವರ ಮಾತನ್ನು ನಂಬಿ ಸಹಿ ಹಾಕುವುದು ಹೊಸದೇನಲ್ಲ. ಪೂರ್ತಿ ಅನುವಾದ ಮಾಡಿಸಲಾಗದಿದ್ದರೆ ಪಾರ್ಕಿಂಗ್ ಎಂಬ ಪದ ಬರುವ ವಾಕ್ಯಗಳನ್ನಾದರೂ ನಂಬಿಕೆಯ ಒಬ್ಬರಿಂದ ಓದಿಸಿ, ಅಲ್ಲಿ ಜಾಗವನ್ನು ಮಾರಿದ್ದಾರೆಯೋ, “ಬಳಸುವ ಹಕ್ಕು” ಮಾತ್ರ ಕೊಟ್ಟಿದ್ದಾರೆಯೋ, ಸಂಖ್ಯೆ ಮತ್ತು ಅಳತೆ ಬರೆದಿದ್ದಾರೆಯೋ ಎಂದು ತಿಳಿದುಕೊಳ್ಳಿ. ಅದರಲ್ಲಿ ಇಲ್ಲದ್ದು ರಸೀದಿಯಲ್ಲಿದ್ದರೆ ಹೆಚ್ಚು ಬೆಲೆ ಬಾಳದು.

ದೂರು ಕೊಡುವುದಕ್ಕೆ ಮಾತ್ರ ನಮ್ಮ ಭಾಷೆ ಅಡ್ಡಿಯಲ್ಲ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತು ಬಂದಾಗ ನಾವೆಲ್ಲ ನೆನೆಯುವ 350ಎ ವಿಧಿಯ ಪಕ್ಕದಲ್ಲೇ ಇದೂ ಇದೆ, ನೆನೆಯುವವರು ಕಡಿಮೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಗೆ 1973ರಲ್ಲಿ ತಂದ ತಿದ್ದುಪಡಿಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕಲ್ಪಿತವಾಗಿತ್ತು. ನಕ್ಷೆಯ ಪ್ರಕಾರ ಕಟ್ಟಿಲ್ಲವೆಂಬ ದೂರು ಮೊದಲು ಹೋಗಬೇಕಾದದ್ದು ನಗರಸಭೆಗೆ ಅಥವಾ ಪಂಚಾಯತಿಗೆ. ಹಣ ಪಡೆದು ತೆರೆದ ಜಾಗ ಮಾರಿದ್ದಾರೆಂಬ ದೂರು ರೇರಾ ಪ್ರಾಧಿಕಾರಕ್ಕೆ.

ಈಗಾಗಲೇ ವಾಸವಾಗಿರುವವರಿಗೆ ದಾರಿ ಕಿರಿದು, ಇಲ್ಲವೆಂದಲ್ಲ. ಸಾಮಾನ್ಯ ಪ್ರದೇಶವನ್ನು ನಿವಾಸಿಗಳ ಸಂಘಕ್ಕೆ ಹಸ್ತಾಂತರಿಸುವುದು ಕಟ್ಟಿದವರ ಕರ್ತವ್ಯ. ಮಂಜೂರಾದ ನಕ್ಷೆಯ ಸಾಮಾನ್ಯ ಪ್ರದೇಶವನ್ನು ಬದಲಿಸಬೇಕಾದರೆ ಮನೆ ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಬೇಕೆಂದು ರೇರಾದ 14ನೆಯ ಕಲಮು ವಿಧಿಸುತ್ತದೆ. ಕಾರಿನ ಜಾಗದಲ್ಲಿ ಅಂಗಡಿ ಎದ್ದಿದ್ದರೆ ಆ ಒಪ್ಪಿಗೆಯನ್ನು ತೋರಿಸಿ ಎಂದು ಕೇಳಬಹುದು. ಜಾಗವೇ ಕಡಿಮೆಯಿದ್ದರೆ ಮಹಾರಾಷ್ಟ್ರದ ಗೃಹ ಸಹಕಾರ ಸಂಘಗಳ ಮಾದರಿ ಉಪವಿಧಿಯಲ್ಲಿ ಒಂದು ಸರಳ ಕ್ರಮವಿದೆ: ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚುವುದು. ಈ ವರ್ಷ ಸಿಗದವರಿಗೆ ಮುಂದಿನ ವರ್ಷದ ಆಸೆಯಾದರೂ ಇರುತ್ತದೆ. ಅನ್ಯ ರಾಜ್ಯದ ಸಂಘಗಳೂ ಇದನ್ನು ಎರವಲು ಪಡೆಯಲು ಅಡ್ಡಿಯಿಲ್ಲ.

ಇಷ್ಟು ಬರೆದ ಮೇಲೂ ಪ್ರತಿ ಮನೆಗೆ ಎರಡು ಕಾರಿನ ಜಾಗ ಬೇಕೆಂದು ನಾನು ವಾದಿಸಲಾರೆ. ಕಾರಿನ ಜಾಗದ ಖರ್ಚು ಮನೆಯ ಬೆಲೆಗೇ ಸೇರುತ್ತದೆ. ಸ್ಕೂಟರಿನಲ್ಲೇ ಬದುಕು ಸಾಗಿಸುವ ಕುಟುಂಬವೂ ಅದನ್ನು ಹೊರುತ್ತದೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮನೆಗಳಲ್ಲಿ ಅಂಥವರೇ ಹೆಚ್ಚು. ಜಪಾನಿನಲ್ಲಿ ಹೊಣೆಯನ್ನು ಕಟ್ಟಡದ ಬದಲು ಕಾರಿನ ಮೇಲೆ ಹೊರಿಸಿದ್ದಾರೆ: 1962ರ ಕಾನೂನಿನ ಪ್ರಕಾರ ಮನೆಯ ಸಮೀಪ ಕಾರು ನಿಲ್ಲಿಸಲು ಜಾಗವಿದೆಯೆಂದು ರುಜುವಾತುಪಡಿಸಬೇಕು, ಆಮೇಲೆ ಕಾರಿನ ನೋಂದಣಿ. ನಮ್ಮಲ್ಲಿ ಅದು ನಡೆದೀತೇ ಎಂಬುದು ಬೇರೆ ಮಾತು. ಆದರೆ ನಕ್ಷೆಯಲ್ಲಿ ತೋರಿಸಿ ಪರವಾನಗಿ ಪಡೆದ ಎಂಟು ಜಾಗಗಳು ಎಂಟಾಗಿಯೇ ಇರಲಿ, ಎಲ್ಲರಿಗೂ ಸೇರಿದ್ದನ್ನು ಒಬ್ಬರಿಗೆ ಮಾರದಿರಲಿ ಎಂದು ಕೇಳುವುದರಲ್ಲಿ ಅತಿಯೇನೂ ಇಲ್ಲ.

ನಮ್ಮ ಪರಿಚಯದವರು ಕಳೆದ ತಿಂಗಳು ತಮ್ಮ ಕಟ್ಟಡದ ಮಂಜೂರಾದ ನಕ್ಷೆಯ ಪ್ರತಿಯನ್ನು ಪಡೆದರು. ಎಂಟು ಜಾಗಗಳೂ ಕಾಗದದಲ್ಲಿವೆ. ಅದರಲ್ಲಿ ಎರಡರ ಮೇಲೆ ಜನರೇಟರ್ ಇದೆ, ಒಂದು ಕಾವಲುಗಾರನ ಕೋಣೆಯೊಳಗೆ ಸೇರಿದೆ. ಅವರು ಎರಡೂವರೆ ಲಕ್ಷ ಕೊಟ್ಟ ಗೋಡೆಪಕ್ಕದ ಜಾಗ ನಕ್ಷೆಯಲ್ಲಿ ಪಾರ್ಕಿಂಗೇ ಅಲ್ಲ, ವಾಹನಗಳು ತಿರುಗಲು ಬಿಟ್ಟ ದಾರಿ. ಶಾಲೆಯ ವ್ಯಾನು ಮೊದಲು ತಿರುಗುತ್ತಿದ್ದುದು ಅಲ್ಲಿಯೇ. ಅವರೀಗ ಕಾರನ್ನು ಅಲ್ಲಿಂದ ತೆಗೆದಿದ್ದಾರೆ, ಹಣ ಹಿಂತಿರುಗಿಸುವಂತೆ ಬಿಲ್ಡರಿಗೆ ಪತ್ರ ಬರೆದಿದ್ದಾರೆ. ಜನರೇಟರಿನ ಕುರಿತ ದೂರನ್ನು ಸ್ಥಳೀಯ ಸಂಸ್ಥೆಗೆ ಕನ್ನಡದಲ್ಲೇ ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ತೆರವಾದ ಜಾಗದಲ್ಲಿ ಮರುದಿನವೇ ಇನ್ನೊಬ್ಬರ ಕಾರು ಬಂದು ನಿಂತಿತು. ಮುಂದಿನ ಭಾನುವಾರದ ಸಂಘದ ಸಭೆಗೆ ನಕ್ಷೆಯ ಹತ್ತು ಪ್ರತಿಗಳನ್ನು ಮಾಡಿಸಿಟ್ಟುಕೊಂಡಿದ್ದಾರೆ.